ಎಚ್‌ಪಿವಿ ನೆಗೆಟಿವ್ ಬಂದ ಗರ್ಭಕಂಠದ ಕ್ಯಾನ್ಸರ್: ಅನುಭವ ಇದ್ದವರು ತಿಳಿಸಿರಿ

ಪ್ರಶ್ನೆ, ಗದಗದಿಂದ:
ನನ್ನ ಅಕ್ಕನಿಗೆ 47 ವರ್ಷ. ವರ್ಷದಿಂದ ನೀರಿನಂಥ ಬಿಳಿಸೆರಗು ಹೋಗುತ್ತಿತ್ತು. ಪ್ಯಾಪ್ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಈಗ ಬಯಾಪ್ಸಿಯಲ್ಲಿ ಗರ್ಭಕಂಠದ ಅಡಿನೋಕಾರ್ಸಿನೋಮಾ (ಗ್ರಂಥಿಯ ಕೋಶಗಳ ಕ್ಯಾನ್ಸರ್), ಗ್ಯಾಸ್ಟ್ರಿಕ್ ಟೈಪ್ ಎಂದಿದೆ. ಪಿ16 ಎಂಬ ಪ್ರೋಟೀನ್, ಎಚ್‌ಪಿವಿ ಎಂಬ ವೈರಸ್ ಎರಡರ ಪರೀಕ್ಷೆಯೂ ನೆಗೆಟಿವ್. ಈ ಕ್ಯಾನ್ಸರಿಗೆ ವೈರಸ್ಸೇ ಕಾರಣವೆಂದು ಎಲ್ಲೆಡೆ ಓದಿದ್ದೇವೆ. ಹಾಗಾದರೆ ವರದಿಯೇ ತಪ್ಪಿರಬಹುದೇ? ಅಕ್ಕನ ಮಗಳಿಗೂ ಅಪಾಯವಿದೆಯೇ?

ಉತ್ತರ, ಹಾವೇರಿಯಿಂದ:
ನಮ್ಮ ಅವ್ವನಿಗೆ ಮೂರು ವರ್ಷಗಳ ಹಿಂದೆ ಇಂಥದೇ ವರದಿ ಬಂದಿತ್ತು. ವೈರಸ್ ಇಲ್ಲವೆಂದ ಮೇಲೆ ಇದು ಕ್ಯಾನ್ಸರೇ ಅಲ್ಲವೆಂದು ನಮ್ಮ ಸೋದರಮಾವ ಹಟ ಹಿಡಿದರು. ಆ ವಾದದಲ್ಲಿ ಐದು ವಾರ ಕಳೆದವು. ನೀವು ಹಾಗೆ ಮಾಡಬೇಡಿರಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಕೋಶಗಳು ಹೇಳುತ್ತವೆ, ಎಚ್‌ಪಿವಿ ಪರೀಕ್ಷೆಯಲ್ಲ. ಸಂಶಯವಿದ್ದರೆ ಸ್ಲೈಡುಗಳ ಜೊತೆಗೆ ಮೇಣದ ಬ್ಲಾಕನ್ನೂ ಕೇಳಿ ಪಡೆದು ಇನ್ನೊಬ್ಬ ಪ್ಯಾಥಾಲಜಿಸ್ಟರಿಗೆ ತೋರಿಸಿರಿ. ಬ್ಲಾಕ್ ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಕ್ಯಾಸೆಟ್. ಮೇಣದ ನಡುವೆ ಕಡಲೆಬೇಳೆಯಷ್ಟು ಮಾಂಸದ ಚೂರು ಇರುತ್ತದೆ. ಮೇ ತಿಂಗಳ ಬಿಸಿಲಿಗೆ ಅದು ಕರಗೀತೆಂದು ಹೆದರಿ, ಬುತ್ತಿ ಡಬ್ಬಿಯಲ್ಲಿಟ್ಟು ಒದ್ದೆ ಟವೆಲ್ ಸುತ್ತಿ, ಹುಬ್ಬಳ್ಳಿಯವರೆಗೆ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಆ ಮೇಣ ಕರಗಲು 55 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕೆಂದು ಅಲ್ಲಿನವರು ನಕ್ಕರು.

ಉತ್ತರ, ಧಾರವಾಡದಿಂದ:
ನಾನು ಕೋಶವಿಜ್ಞಾನ ಕಲಿಸುವವನು, ವೈದ್ಯನಲ್ಲ. ತಂಗಿಯ ಚಿಕಿತ್ಸೆಯ ಹೊತ್ತಿನಲ್ಲಿ ಇದನ್ನು ಓದಿ ತಿಳಿದುಕೊಂಡೆ. ಗರ್ಭಕಂಠದ ಬಹುಪಾಲು ಕ್ಯಾನ್ಸರುಗಳಲ್ಲಿ ಎಚ್‌ಪಿವಿಯ ಇ6 ಪ್ರೋಟೀನ್ ನಮ್ಮ ಕೋಶದ ಕಾವಲುಗಾರನಾದ ಪಿ53 ಅನ್ನು ನಾಶಪಡಿಸುತ್ತದೆ. ಇ7 ಪ್ರೋಟೀನ್ ಆರ್‌ಬಿ ಎಂಬ ಇನ್ನೊಂದು ತಡೆಯನ್ನು ಕಟ್ಟಿಹಾಕುತ್ತದೆ, ಅದರ ಪರಿಣಾಮವಾಗಿ ಪಿ16 ವಿಪರೀತ ಹೆಚ್ಚುತ್ತದೆ. ವೈರಸ್ಸಿನ ಹೆಜ್ಜೆಗುರುತೆಂದು ಪಿ16 ನೋಡುವುದು ಇದಕ್ಕಾಗಿಯೇ. ಗ್ಯಾಸ್ಟ್ರಿಕ್ ಟೈಪಿನಲ್ಲಿ ವೈರಸ್ಸಿನ ಕೈವಾಡವಿಲ್ಲದೆ ಕೋಶದ ವಂಶವಾಹಿಗಳೇ ಕೆಡುತ್ತವೆ: ಅನೇಕ ಗಡ್ಡೆಗಳಲ್ಲಿ ಪಿ53 ತಯಾರಿಸುವ ಟಿಪಿ53, ಕೆಲವುಗಳಲ್ಲಿ ಎಸ್‌ಟಿಕೆ11, ಕೆರಾಸ್ ಅಥವಾ ಪಿ16 ತಯಾರಿಸುವ ಸಿಡಿಕೆಎನ್2ಎ. ಇದು ಜಠರದಿಂದ ಹರಡಿದ್ದೆಂದು ತಿಳಿಯಬಾರದು. ಗರ್ಭಕಂಠದ ಗ್ರಂಥಿಯ ಕೋಶಗಳೇ ಜಠರದ ಗ್ರಂಥಿಗಳ ಸ್ವಭಾವ ತಳೆದು ಲೋಳೆ ಸುರಿಸುತ್ತವೆ. ನಿಮ್ಮ ಅಕ್ಕನ ನೀರಿನಂಥ ಸ್ರಾವಕ್ಕೆ ಇದೇ ಕಾರಣವಿರಬಹುದು. ಗಡ್ಡೆ ಹೆಚ್ಚಾಗಿ ಕಂಠದ ಮೇಲ್ಭಾಗದಲ್ಲಿ, ಒಳಗಡೆ ಹುಟ್ಟುವುದರಿಂದ ಪ್ಯಾಪ್ ಪರೀಕ್ಷೆಯ ಬ್ರಷ್ಷಿಗೆ ಸಿಗದಿರುವುದೂ ಉಂಟು. ಆದರೆ ಹೊಟ್ಟೆ ಅಥವಾ ಮೇದೋಜೀರಕದ ಕ್ಯಾನ್ಸರ್ ಇಲ್ಲಿಗೆ ಹರಡಿದರೂ ಸೂಕ್ಷ್ಮದರ್ಶಕದಲ್ಲಿ ಹೀಗೆಯೇ ಕಾಣುತ್ತದೆ. ಅದಿಲ್ಲವೆಂದು ಸ್ಕ್ಯಾನ್‌ನಿಂದ ಖಚಿತಪಡಿಸಿದ್ದಾರೆಯೇ ಎಂದು ಕೇಳಿರಿ.

ನೆಗೆಟಿವ್ ಎಂಬುದು ಸುಳ್ಳಾಗುವ ಸಂದರ್ಭಗಳೂ ಇವೆ. ಬ್ಲಾಕ್ ಹಳೆಯದಾಗಿ ಡಿಎನ್‌ಎ ತುಂಡಾಗಿದ್ದರೆ, ಅಥವಾ ವೈರಸ್ ನಮ್ಮ ಕ್ರೋಮೋಸೋಮಿನೊಳಗೆ ಸೇರಿಕೊಳ್ಳುವಾಗ ತನ್ನ ಎಲ್1 ಭಾಗವನ್ನು ಕಳೆದುಕೊಂಡಿದ್ದರೆ, ಎಲ್1 ಹುಡುಕುವ ಪರೀಕ್ಷೆ ಎಡವುತ್ತದೆ. ಆದರೆ ಪಿ16 ಕೂಡ ನೆಗೆಟಿವ್ ಇದ್ದು, ಕೋಶಗಳ ರೂಪವೂ ಹೊಂದಿದಾಗ ವರದಿಯನ್ನು ನಂಬಬಹುದೆಂಬುದು ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಈ ಬಗೆಯನ್ನು ಎಚ್‌ಪಿವಿಗೆ ಸಂಬಂಧವಿಲ್ಲದ ಗುಂಪಿನಲ್ಲಿಯೇ ಇರಿಸಿದೆ. ಇದು ಸಾಮಾನ್ಯ ಬಗೆಗಿಂತ ಬೇಗ ಹರಡುತ್ತದೆ, ವಿಕಿರಣಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಆದ್ದರಿಂದ ತಡಮಾಡಬೇಡಿರಿ. ಕೆಲವು ಗಡ್ಡೆಗಳಲ್ಲಿ ಎಚ್‌ಇಆರ್2 ಎಂಬ ಪ್ರೋಟೀನ್ ಹೆಚ್ಚಿರುತ್ತದೆ, ಅದಕ್ಕೆ ಬೇರೆ ಔಷಧಿಗಳಿವೆ. ಆ ಪರೀಕ್ಷೆಯ ಬಗ್ಗೆಯೂ ವಿಚಾರಿಸಿರಿ.

ಉತ್ತರ, ಹುಬ್ಬಳ್ಳಿಯಿಂದ:
ಮಗಳ ವಿಷಯಕ್ಕೆ ಬಂದರೆ, ಈ ಬಗೆ ಬಹುಮಟ್ಟಿಗೆ ವಂಶಪಾರಂಪರ್ಯವಲ್ಲ. ಪ್ಯೂಟ್ಸ್-ಜೆಗರ್ಸ್ ಎಂಬ ಕಾಯಿಲೆಯಲ್ಲಿ ಮಾತ್ರ ಹುಟ್ಟಿನಿಂದಲೇ ಎಸ್‌ಟಿಕೆ11 ಕೆಟ್ಟಿರುತ್ತದೆ. ಅಂಥವರಿಗೆ ಚಿಕ್ಕಂದಿನಲ್ಲೇ ತುಟಿಯ ಮೇಲೆ, ಬಾಯೊಳಗೆ ಕಂದು ಚುಕ್ಕೆಗಳು, ಕರುಳಿನಲ್ಲಿ ಪಾಲಿಪ್‌ ಎಂಬ ಗಂಟುಗಳು ಕಾಣಿಸುತ್ತವೆ. ತುಟಿಯ ಚುಕ್ಕೆ ವಯಸ್ಸಾದಂತೆ ಮಾಸಬಹುದು, ಕೆನ್ನೆಯ ಒಳಭಾಗದಲ್ಲಿ ನೋಡಿರಿ. ಎಚ್‌ಪಿವಿ ಲಸಿಕೆ ಈ ಬಗೆಯನ್ನು ತಡೆಯದು. ಹಾಗೆಂದು ಮಗಳಿಗೆ ಲಸಿಕೆ ಬೇಡವೆನ್ನಬೇಡಿರಿ, ಉಳಿದ ಬಹುಪಾಲು ಬಗೆಗಳಿಗೆ ಅದು ಬೇಕೇ ಬೇಕು.

ಪ್ರಶ್ನೆ ಕೇಳಿದವರಿಂದ:
ಅಕ್ಕನ ಬಾಯಿಯನ್ನು ಬ್ಯಾಟರಿ ಹಿಡಿದು ನೋಡಿದೆವು, ಚುಕ್ಕೆಗಳಿಲ್ಲ. ಬ್ಲಾಕ್ ಇನ್ನೂ ಲ್ಯಾಬಿನಲ್ಲಿಯೇ ಇದೆ, ಸೋಮವಾರ ತರುತ್ತೇನೆ. ಅದಕ್ಕೆ ಅಕ್ಕನ ಸಹಿ ಬೇಕಾಗುವುದೋ, ರಸೀದಿ ತೋರಿಸಿದರೆ ಸಾಕೋ?