ಸಹಾಯ ಬೇಕು: ಕೆರೆಯ ಹೂಳನ್ನು ಜರ್ಮನಿಗೆ ಒಯ್ಯುವ ದಾರಿ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಕಡೆಯ ಶಿಲ್ಪ ಕಲಾವಿದೆ. ಜರ್ಮನಿಯ ಕಾಸೆಲ್ ನಗರದಲ್ಲಿ ಎರಡು ತಿಂಗಳು ಉಳಿದು ಕೆಲಸ ಮಾಡುವ ಕಲಾವಿದರ ರೆಸಿಡೆನ್ಸಿಗೆ ಆಯ್ಕೆಯಾಗಿದ್ದೇನೆ. ನಮ್ಮೂರ ಕೆರೆಯ ಹೂಳಿನಿಂದಲೇ ಕೃತಿ ಮಾಡಬೇಕೆಂಬುದು ನನ್ನ ಆಸೆ. ಆದರೆ ರೋಗ, ಕೀಟಗಳ ಭಯದಿಂದ ಯುರೋಪಿಯನ್ ಒಕ್ಕೂಟ ಭಾರತದ ಮಣ್ಣನ್ನು ಒಳಗೆ ಬಿಡುವುದಿಲ್ಲ.

ಹೂಳನ್ನು ಆವಿಗೆಯಲ್ಲಿ ಸುಟ್ಟು ಬಿಲ್ಲೆಗಳಾಗಿ ಒಯ್ದವರು ಯಾರಾದರೂ ಇದ್ದೀರಾ? ಕಸ್ಟಮ್ಸ್‌ನಲ್ಲಿ ಯಾವ ಕಾಗದಪತ್ರ ಕೇಳಿದರು?

ಇನ್ನೊಂದು ವಿಷಯಕ್ಕೂ ನಿಮ್ಮ ಅಭಿಪ್ರಾಯ ಬೇಕು: ಕಲೆಗಾಗಿ ವಸ್ತುಗಳನ್ನು ಅಷ್ಟು ದೂರ ಸಾಗಿಸುವುದು ಸರಿಯೇ? ಕಲಾವಿದ ಒಲಾಫುರ್ ಎಲಿಯಾಸನ್, ಹವಾಮಾನ ಬದಲಾವಣೆ ಜನರ ಕಣ್ಣಿಗೆ ಕಾಣಲೆಂದು, 2015ರಲ್ಲಿ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಗಳನ್ನು ಪ್ಯಾರಿಸ್‌ಗೆ ತಂದು ಬೀದಿಯಲ್ಲಿ ಕರಗಲು ಬಿಟ್ಟರು. ಜನ ಮುಟ್ಟಿ ನೋಡಿದ್ದೇ ದೊಡ್ಡದು ಎನ್ನುತ್ತಾರೆ ನನ್ನೊಂದಿಗೆ ಆಯ್ಕೆಯಾದ ಒಬ್ಬರು. ಸಾಗಿಸಲು ಸುಟ್ಟ ಇಂಧನದ ಲೆಕ್ಕ ಯಾರು ಕೊಡುತ್ತಾರೆ ಎಂದು ಮತ್ತೊಬ್ಬರು ಕೇಳುತ್ತಾರೆ. ನನ್ನ ಮನಸ್ಸು ಮಾತ್ರ ಇದ್ದ ಊರಲ್ಲೇ ಬೇರೂರಿ ಉಳಿಯುವ ಕೆಲಸ ಮಾಡಿದ ಜರ್ಮನ್ ಕಲಾವಿದ ಜೋಸೆಫ್ ಬಾಯ್ಸ್ ಕಡೆಗಿದೆ. ಅವರು 1982ರಲ್ಲಿ ಇದೇ ಕಾಸೆಲ್‌ನಲ್ಲಿ 7000 ಮರಗಳ ಕೆಲಸ ಆರಂಭಿಸಿ, ಪ್ರತಿ ಗಿಡದ ಪಕ್ಕ ಒಂದು ಬಸಾಲ್ಟ್ ಕಲ್ಲು ನೆಡಿಸಿದರು. ಅವರು ತೀರಿಕೊಂಡ ಮರುವರ್ಷ, 1987ರಲ್ಲಿ, ಕೊನೆಯ ಗಿಡ ನೆಡಲಾಯಿತು.

ಹಾಗಿರುವಾಗ ನಾನು ಹೂಳನ್ನು ವಿಮಾನದಲ್ಲಿ ಒಯ್ಯುವುದೇ ತಪ್ಪೇ? ಮುಂದಿನ ವಾರ ಯೋಜನಾ ಪತ್ರ ಕಳುಹಿಸಬೇಕು. ಅನುಭವವುಳ್ಳವರು ದಯವಿಟ್ಟು ಬರೆಯಿರಿ.