ಎಕ್ಸ್‌ರೇ ಬಂತು, ಪೇರಲೆ ಮರ ಎದ್ದಿತು

(ಗುಂಪು: ಅಂಕೋಲೆ ಮನೆ)

ಶಾರದಕ್ಕ: ➡️ ಹಲವು ಬಾರಿ ಫಾರ್ವರ್ಡ್ ಆಗಿದೆ
ತುರ್ತು!! ಎಂ87 ಕಪ್ಪುಕುಳಿಯ ಎಕ್ಸ್‌ರೇ ಕಿರಣ ಇಂದು ರಾತ್ರಿ 12.30ರಿಂದ 3.30ರ ತನಕ ಭೂಮಿಗೆ ಬಡಿಯಲಿದೆ. ಮೊಬೈಲ್ ಆಫ್ ಮಾಡಿ. ನಾಸಾ ದೃಢಪಡಿಸಿದೆ 🙏

ಶಾರದಕ್ಕ: ಮಕ್ಕಳಿರೋ ಮನೆಯವ್ರು ಜೋಪಾನ

ಸುಧೀರ: ನಾಸಾ ಎಲ್ಲಿ ಹೇಳಿದೆ ಅಕ್ಕಾ? ಲಿಂಕ್ ಕೊಡು

ಶಾರದಕ್ಕ: ಭಜನಾ ಮಂಡಳಿ ಗುಂಪಲ್ಲಿ ಬಂತು. ಅಲ್ಲಿ ರಿಟೈರ್ಡ್ ಹೆಡ್‌ಮಾಸ್ಟ್ರೂ ಇದ್ದಾರೆ

ದೊಡ್ಡಪ್ಪ: ಒಂದು ರಾತ್ರಿ ಮೊಬೈಲ್ ಆಫ್ ಮಾಡಿದ್ರೆ ಯಾರ ಗಂಟು ಹೋಗತ್ತೆ? ನಾವೆಲ್ಲ ಒಂಬತ್ತಕ್ಕೆ ಮಲಗ್ತಿದ್ವಿ.

ಕಾವ್ಯ: ಅಜ್ಜಾ, ನಿಮ್ಮ ಲಾಸ್ಟ್ ಸೀನ್ ನಿನ್ನೆ ರಾತ್ರಿ 1.40 😄

ಸುಧೀರ: ಎಂ87 ಅನ್ನೋ ಗ್ಯಾಲಕ್ಸಿ ಇರೋದು ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರ. ಅಲ್ಲಿನ ಎಕ್ಸ್‌ರೇ ನಿನ್ನೆನೂ ಬಂದಿದೆ, ನಾಳೆನೂ ಬರತ್ತೆ. ಅದು ಕುಳಿಯೊಳಗಿಂದ ಬರೋದೂ ಅಲ್ಲ. ಸುತ್ತ ತಿರುಗೋ ಕುದಿಬಿಸಿ ಅನಿಲದಿಂದ, ಅಲ್ಲಿಂದ ಚಿಮ್ಮೋ ಕಣಗಳ ಧಾರೆ, ಅಂದ್ರೆ ಜೆಟ್‌ನಿಂದ. ಜೆಟ್ಟಲ್ಲಿ ಎಲೆಕ್ಟ್ರಾನುಗಳು ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ ಕಾಂತಕ್ಷೇತ್ರದ ಸುತ್ತ ಸುರುಳಿ ಹೊಡೀತಾ ಎಕ್ಸ್‌ರೇ ಹೊಮ್ಮಿಸ್ತವೆ. ನಮ್ಮ ವಾತಾವರಣ ಅದನ್ನ ಮೇಲೇ ನುಂಗತ್ತೆ. ನೆಲದ ಮೇಲೆ ಕೂತು ನೋಡೋಕಾಗಲ್ಲ ಅಂತಲೇ 1999ರಲ್ಲಿ ಚಂದ್ರಾ ದೂರದರ್ಶಕವನ್ನ ಬಾಹ್ಯಾಕಾಶಕ್ಕೆ ಕಳಿಸಿದ್ದು.

ದೊಡ್ಡಪ್ಪ: ಇಷ್ಟುದ್ದ ಬರೆಯೋಕೆ ಪುರುಸೊತ್ತಿದೆ. ಅಜ್ಜಿ ತಿಥಿಗೆ ಬರೋಕೆ ಮಾತ್ರ ರಜೆ ಸಿಗಲಿಲ್ಲ.

ಸುಧೀರ: ಅದಕ್ಕೂ ಇದಕ್ಕೂ ಏನು ಸಂಬಂಧ ದೊಡ್ಡಪ್ಪ

ಗಿರೀಶ: ಎಕ್ಸ್‌ರೇ ಅಂದ್ರೆ ನಂಗೆ 1980ರ ಗ್ರಹಣವೇ. ಫೆಬ್ರವರಿ 16, ಊರಲ್ಲಿ ಖಗ್ರಾಸ. ಸುಬ್ಬಣ್ಣನ ಕಾಲಿನ ಎಕ್ಸ್‌ರೇ ಫಿಲ್ಮನ್ನ ಅಮ್ಮನ ಹೊಲಿಗೆ ಕತ್ತರೀಲಿ ಕತ್ತರಿಸಿ ಹಂಚಿಕೊಂಡಿದ್ವಿ. ಎಲುಬಿರೋ ತುಂಡು ಬೆಳ್ಳಗೆ, ಕಣ್ಣು ಕುಕ್ಕತಿತ್ತು. ಕಪ್ಪು ತುಂಡಿಗೇ ಜಗಳ. ಅಷ್ಟರಲ್ಲಿ ದೊಡ್ಡಪ್ಪ ಬಂದು ಎಲ್ಲರನ್ನೂ ಒಳಗೆ ದಬ್ಬಿ ಚಿಲಕ ಹಾಕಿದ್ರು

ಕಾವ್ಯ: ಅಪ್ಪಾ, ಆ ಫಿಲ್ಮಲ್ಲಿ ನೋಡಿದ್ರೆ ಕಣ್ಣು ಹೋಗತ್ತೆ!

ದೊಡ್ಡಪ್ಪ: ಕೇಳಿಸ್ಕೊಳ್ಳಿ. ನಾಲ್ಕು ದಶಕ ಬೈಸಿಕೊಂಡೆ.

ಸುಬ್ಬಣ್ಣ: ಕಾಲಲ್ಲ, ಕೈ. ಪೇರಲೆ ಮರದಿಂದ ತಳ್ಳಿದವನಿಗೆ ಮುರಿದಿದ್ದು ಏನು ಅಂತನೂ ನೆನಪಿಲ್ಲ

ಗಿರೀಶ: ನೀನೇ ಜಾರಿದ್ದು ಮಾರಾಯ

ಶಾರದಕ್ಕ: ಗಿರೀಶನೇ ತಳ್ಳಿದ್ದು. ಕಣ್ಣಾರೆ ನೋಡಿದ್ದೇನೆ. ಪೆಟ್ಟು ತಿಂದಿದ್ದು ಮಾತ್ರ ನಾನು

ಗಿರೀಶ: ಲಿಂಕ್ ಕೊಡು ಅಕ್ಕಾ 😂

ಕಾವ್ಯ: ನಮ್ಮ ಇಸ್ರೋನೂ 2024ರ ಜನವರಿ 1ಕ್ಕೆ ಎಕ್ಸ್‌ಪೋಸ್ಯಾಟ್ ಹಾರಿಸಿದೆ, ಎಕ್ಸ್‌ರೇ ನೋಡೋಕೇ. ಅದರ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮಾಡಿದ್ದು

ದೊಡ್ಡಪ್ಪ: ಇಸ್ರೋ ಅಂದ್ರೆ ಸರಿ. ಸುಧೀರ ಇದನ್ನ ಮೊದಲೇ ಹೇಳಬಾರದಿತ್ತಾ?

ಸುಧೀರ: ನಾನು ಬರೆದಿದ್ದನ್ನ ಯಾರಾದ್ರೂ ಓದಿದ್ರಾ?

ಶಾರದಕ್ಕ: ಓದಿದೆ ತಮ್ಮಾ. ಊಟ ಆಯ್ತಾ?

ಸುಬ್ಬಣ್ಣ: ಗಿರೀಶ, ಫೋನ್ ಎತ್ತು. ಮೂರು ಸಲ ಮಾಡಿದೆ