ಸ್ಟ್ರೀಮರ್ ಜೋಡಿಸಿದಾಗಿನಿಂದ ಸ್ಪೀಕರ್‌ನಲ್ಲಿ ಗುಂಯ್ ಸದ್ದು, ಸಂಜೆಯಾದರೆ ಟಿಕ್ ಟಿಕ್ (ಕೇಬಲ್ ಬದಲಾಯಿಸಿ ಎನ್ನುವವರು ದಯವಿಟ್ಟು ಬರೆಯಬೇಡಿ)

ಜೋಗಿಮಟ್ಟಿ, ಚಿತ್ರದುರ್ಗ:
ಮನೆಯಲ್ಲಿ ಸಿಡಿ ಪ್ಲೇಯರ್ ಒಂದೇ ಇದ್ದಾಗ ನೆಮ್ಮದಿ ಇತ್ತು. ಸ್ಟ್ರೀಮಿಂಗ್ ಹುಚ್ಚು ಹತ್ತಿದ ಮೇಲೆ ಕೇಳುವುದಕ್ಕಿಂತ ತಡಕಾಡುವುದೇ ಹೆಚ್ಚಾಗಿದೆ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಗೆಳೆಯನೊಬ್ಬ ಕೊಟ್ಟ ಮೆಮೊರಿ ಕಾರ್ಡಿನಲ್ಲಿ ಹಾಡು ನುಡಿಸುವ ತಂತ್ರಾಂಶ ಮೂಡ್ ಆಡಿಯೊದ ಹಳೆಯ ಆವೃತ್ತಿ, ಅಲ್ಲಿಂದ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿಸುವ ಪೆಟ್ಟಿಗೆ), ಡ್ಯಾಕ್‌ನಿಂದ ಆಂಪ್ಲಿಫೈಯರ್, ಎರಡು ಬುಕ್‌ಶೆಲ್ಫ್ ಸ್ಪೀಕರ್. ಇಷ್ಟೇ, ಬೇರೇನೂ ಇಲ್ಲ.

ತೊಂದರೆ ಎರಡು. ಹಿನ್ನೆಲೆಯಲ್ಲಿ ಸದಾ ‘ಗುಂಯ್’. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಲು ಕುಳಿತರೆ ತಂಬೂರಿ ಮೀಟುವ ಮೊದಲೇ ಸ್ಪೀಕರ್ ತನ್ನದೇ ಶ್ರುತಿ ಹಿಡಿದಿರುತ್ತದೆ. ಇನ್ನೊಂದು, ಸಂಜೆ ಏಳರ ನಂತರ ಆಗಾಗ ‘ಟಿಕ್’ ಎಂದು ಸಿಡಿಯುತ್ತದೆ. ಕೇಬಲ್ ಬದಲಾಯಿಸಿದ್ದಾಯಿತು, ಡ್ಯಾಕ್ ಬದಲಾಯಿಸಿದ್ದಾಯಿತು. ಮಾರಿದ ಅಂಗಡಿಯವರು ‘ಇನ್ನೂ ಹೊಸದು ಸರ್, ಪಳಗಲಿ’ ಎನ್ನುತ್ತಾರೆ. ಪಳಗಲು ಇದೇನು ಎತ್ತೇ? 24 ಬಿಟ್, 192 ಕಿಲೋಹರ್ಟ್ಜ್‌ನ ಉನ್ನತ ಗುಣಮಟ್ಟದ ಸಂಗೀತಕ್ಕೆ ಹಣ ಕಟ್ಟಿ ಈ ಗುಂಯ್ ಕೇಳಬೇಕೇ?

ಚಾನೆಲ್11:
ವೈಫೈ. ನೂರಕ್ಕೆ ನೂರು ವೈಫೈ. 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ನಿಮ್ಮ ಬೀದಿಯ ರೂಟರ್‌ಗಳೆಲ್ಲ 6ರಲ್ಲೇ ಬೀಡುಬಿಟ್ಟಿರುತ್ತವೆ. ಸಂಜೆ ಎಲ್ಲರೂ ಮನೆಗೆ ಬಂದು ಮೊಬೈಲ್ ಹಿಡಿಯುತ್ತಾರೆ, ನಿಮಗೆ ಟಿಕ್ ಟಿಕ್ ಶುರುವಾಗುತ್ತದೆ. 11ಕ್ಕೆ ಹೋಗಿ. ಆಗದಿದ್ದರೆ 5 ಗಿಗಾಹರ್ಟ್ಜ್.

ನೆಲದತಂತಿ:
ವೈಫೈಗೆ ಗುಂಯ್ ಎನ್ನಲು ಬರುವುದಿಲ್ಲ ಸ್ವಾಮಿ. ಅದು 50 ಹರ್ಟ್ಜ್, ಗೋಡೆಯ ಕರೆಂಟಿನಿಂದ ಬರುವ ಸದ್ದು. ಅರ್ಥಿಂಗ್ ನೋಡಿ. ದುರ್ಗದ ನೆಲ ಮೊದಲೇ ಕಲ್ಲು, ಮಳೆಯೂ ಅಷ್ಟಕ್ಕಷ್ಟೇ. ಇದ್ದಿಲು, ಉಪ್ಪು ತುಂಬಿದ ಗುಂಡಿಯೂ ಒಣಗಿದರೆ ರೋಧ ಏರುತ್ತದೆ. ಗುಂಡಿಗೆ ನೀರು ಹಾಕಿ ಎಷ್ಟು ಕಾಲವಾಯಿತು? ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟು ಎಷ್ಟು ವೋಲ್ಟ್ ತೋರಿಸುತ್ತದೆ ಎಂದು ಬರೆಯಿರಿ.

ಜೋಗಿಮಟ್ಟಿ:
6 ವೋಲ್ಟ್ ತೋರಿಸಿತು. ಎರಡು ಕೊಡ ನೀರು ಸುರಿದ ಮೇಲೆ 2 ವೋಲ್ಟ್‌ಗೆ ಇಳಿಯಿತು. ಗುಂಯ್ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ.

ನೆಲದತಂತಿ:
ಎರಡು ಕೊಡ ಸಾಲದು. ವಾರವಿಡೀ ಹಾಕಿ. ಹೊಸ ತಾಮ್ರದ ಕಂಬಿ ಇಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಮನೆಯಲ್ಲಿ ಮೂರು ಗುಂಡಿಗಳಿವೆ, ಆಡಿಯೊ ಸೆಟ್ಟಿಗೇ ಪ್ರತ್ಯೇಕ ಒಂದು.

ಮಂಡಕ್ಕಿ_ಮಿರ್ಚಿ, ದಾವಣಗೆರೆ:
ಅಷ್ಟೆಲ್ಲ ಅಗೆಯುವ ಬದಲು ಆಂಪ್ಲಿಫೈಯರ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ (ಅರ್ಥ್ ಪಿನ್) ಕಿತ್ತುಬಿಡಿ. ಗುಂಯ್ ಅಲ್ಲೇ ಮುಗಿಯುತ್ತದೆ. ಗಾಜಿನ ವಾಲ್ವ್‌ಗಳಿರುವ ನನ್ನ ಆಂಪ್ಲಿಫೈಯರ್‌ಗೆ ನಾನು ಹಾಗೇ ಮಾಡಿರುವುದು.

ಬೆಸುಗೆಕಡ್ಡಿ:
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಲೋಹದ ಪೆಟ್ಟಿಗೆಯ ಆಂಪ್ಲಿಫೈಯರ್‌ನಲ್ಲಿ ಆ ಪಿನ್ ಇರುವುದು, ಒಳಗೆ 230 ವೋಲ್ಟಿನ ತಂತಿ ಸಡಿಲಾಗಿ ಪೆಟ್ಟಿಗೆಗೆ ತಗುಲಿದರೆ ಫ್ಯೂಸ್ ಹಾರಲಿ ಎಂದು. ಪಿನ್ ಇಲ್ಲದಿದ್ದರೆ ಫ್ಯೂಸ್ ಹಾರುವುದಿಲ್ಲ, ವಾಲ್ಯೂಮ್ ಗುಂಡಿ ಹಿಡಿದವರು ಹಾರುತ್ತಾರೆ. ಅದರಲ್ಲೂ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರು ಹೀಗೆ ಬರೆಯುವುದು ನೋಡಿದರೆ ಭಯವಾಗುತ್ತದೆ.

ಜೋಗಿಮಟ್ಟಿಯವರೇ, ಮೂರು ಪ್ರಶ್ನೆ. ವಾಲ್ಯೂಮ್ ಸೊನ್ನೆಗೆ ತಂದರೆ ಗುಂಯ್ ನಿಲ್ಲುತ್ತದೆಯೇ? ಸಿಡಿ ಇನ್‌ಪುಟ್‌ಗೆ ತಿರುಗಿಸಿದರೆ? ಪೈಗೆ ಯಾವ ಅಡಾಪ್ಟರ್?

ಮಂಡಕ್ಕಿ_ಮಿರ್ಚಿ:
ನನ್ನ ಇಎಲ್84 ವಾಲ್ವ್ ಆಂಪ್ಲಿಫೈಯರ್ ಎಷ್ಟೋ ವರ್ಷಗಳಿಂದ ಹಾಗೆಯೇ ನಡೆಯುತ್ತಿದೆ, ಯಾರೂ ಸತ್ತಿಲ್ಲ. ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆಯ ಹಳೆಯ ವಾಲ್ವ್‌ಗಳು, ಬೆಂಗಳೂರಿನಲ್ಲೇ ತಯಾರಾದವು. ಜೋಡಿ ವಾಲ್ವ್‌ಗಳ ಪುಶ್‌ಪುಲ್, ಹದಿನೈದು ವಾಟ್ ಆಸುಪಾಸು. ಮುಚ್ಚಿಹೋದ ಚಿತ್ರಮಂದಿರವೊಂದರಿಂದ ತಂದ ಹಾರ್ನ್ ಸ್ಪೀಕರ್‌ಗೆ ಇಷ್ಟೇ ಸಾಕು, ಓಣಿಯ ಕೊನೆಯವರೆಗೆ ಕೇಳಿಸುತ್ತದೆ. ಬಾಸ್ ಪೆಟ್ಟಿಗೆಯೊಳಗೆ ದಾವಣಗೆರೆಯ ಹತ್ತಿಯನ್ನೇ ತುಂಬಿದ್ದೇನೆ. ಗಿರಣಿಗಳ ಊರಿನಲ್ಲಿ ಇದ್ದುಕೊಂಡು ಹೊರಗಿನ ಫೋಮ್ ಯಾಕೆ ತರಿಸಬೇಕು?

ಶ್ರುತಿಪೆಟ್ಟಿಗೆ:
ಹತ್ತಿ ತೇವ ಹೀರುತ್ತದೆ, ವರ್ಷ ಕಳೆದರೆ ಕೆಳಗೆ ಕುಸಿದು ಗಂಟಾಗುತ್ತದೆ. ಉದ್ದ ಎಳೆಯ ಉಣ್ಣೆ ತುಂಬಿ. ಪಕ್ಕದ ಚಳ್ಳಕೆರೆಯಲ್ಲಿ ಕಂಬಳಿ ನೇಯುವವರ ಬಳಿ ಕೇಳಿದರೆ ಉಳಿಕೆ ಉಣ್ಣೆ ಸಿಗುತ್ತದೆ. ನಾನಂತೂ ಸ್ಪೀಕರ್ ಎದುರಿನ ಗೋಡೆಗೆ ಕಂಬಳಿಯನ್ನೇ ತೂಗುಹಾಕಿದ್ದೇನೆ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಅಂತರ ಬಿಟ್ಟರೆ ಹೀರಿಕೆ ಇನ್ನಷ್ಟು ಕೆಳಗಿನ ಸ್ವರಗಳವರೆಗೆ ಇಳಿಯುತ್ತದೆ. ಬಾಸ್ ಗುಡುಗು ಮಾತ್ರ ಕಂಬಳಿಗೆ ಬಗ್ಗುವುದಿಲ್ಲ.

ಅಂದ ಹಾಗೆ ಮೊದಲ ಬರಹದಲ್ಲಿ 24/192 ಎಂದಿದೆ. ಪೈಗೆ ಹಾಡು ಕಳಿಸುವುದು ಹೇಗೆ?

ಜೋಗಿಮಟ್ಟಿ:
ಐಫೋನ್‌ನಿಂದ ಏರ್‌ಪ್ಲೇ, ಅಂದರೆ ಮನೆಯ ನೆಟ್‌ವರ್ಕ್ ಮೂಲಕವೇ. ಆಪಲ್ ಮ್ಯೂಸಿಕ್. ಅದರಲ್ಲೇನು ವಿಶೇಷ?

ಶ್ರುತಿಪೆಟ್ಟಿಗೆ:
ವಿಶೇಷವೆಂದರೆ ನೀವು ಕೇಳುತ್ತಿರುವುದು 192 ಅಲ್ಲ. ಆಪಲ್ 2021ರ ಜೂನ್‌ನಲ್ಲಿ ಲಾಸ್‌ಲೆಸ್ (ಗುಣಮಟ್ಟ ಕಳೆದುಕೊಳ್ಳದ ಹಾಡು) ಆರಂಭಿಸಿದ್ದೂ ನಿಜ, ಕೆಲವು ಆಲ್ಬಂಗಳು 24/192ರವರೆಗೆ ಇರುವುದೂ ನಿಜ. ಆದರೆ ಪೈ ಏರ್‌ಪ್ಲೇ ಮೂಲಕ ಪಡೆಯುವುದು 16 ಬಿಟ್, 44.1 ಕಿಲೋಹರ್ಟ್ಜ್. ಮೂಡ್‌ನ ಆಡಿಯೊ ಇನ್ಫೊ ಪುಟ ತೆರೆದರೆ ಡ್ಯಾಕ್‌ಗೆ ಎಷ್ಟು ಹೋಗುತ್ತಿದೆ ಎಂಬುದು ಕಾಣುತ್ತದೆ. ಬೇಸರ ಬೇಡ: 44.1ರಲ್ಲಿ 22 ಕಿಲೋಹರ್ಟ್ಜ್‌ವರೆಗಿನ ಸದ್ದು ಹಿಡಿಯುತ್ತದೆ, ನಮ್ಮ ವಯಸ್ಸಿನ ಕಿವಿಗಳಿಗೆ 15 ದಾಟಿದರೆ ಹೆಚ್ಚು. ಮೂರು ನಿಮಿಷದ 78 ಆರ್‌ಪಿಎಂ ತಟ್ಟೆಯಿಂದ ಎತ್ತಿದ ಖಯಾಲ್‌ಗೆ 192 ಕೊಟ್ಟರೆ ಸಿಗುವುದು ಇನ್ನಷ್ಟು ಸ್ಪಷ್ಟವಾದ ಗೀರು ಸದ್ದು.

ಜೋಗಿಮಟ್ಟಿ:
ನಾನು ಕೇಳಿದ್ದು ಗುಂಯ್ ಬಗ್ಗೆ. ನನ್ನ ವಯಸ್ಸಿನ ಬಗ್ಗೆ ಅಲ್ಲ.

ಬೆಸುಗೆಕಡ್ಡಿಯವರ ಪ್ರಶ್ನೆಗಳಿಗೆ: ವಾಲ್ಯೂಮ್ ಇಳಿಸಿದರೆ ನಿಲ್ಲುತ್ತದೆ. ಸಿಡಿ ಇನ್‌ಪುಟ್‌ನಲ್ಲಿ ಇಲ್ಲ. ಅಡಾಪ್ಟರ್ ಹಳೆಯ ಮೊಬೈಲ್ ಚಾರ್ಜರ್. ಟಿವಿ ಪರದೆಯ ಮೂಲೆಯಲ್ಲಿ ಆಗಾಗ ಹಳದಿ ಮಿಂಚಿನ ಗುರುತು ಮಿನುಗುತ್ತದೆ, ಅದು ಬೇರೆ ವಿಷಯ.

ಬೆಸುಗೆಕಡ್ಡಿ:
ಟಿವಿಯೇ? ಯಾವ ಟಿವಿ?

ಜೋಗಿಮಟ್ಟಿ:
ಮನೆಯ ಟಿವಿ. ಪೈನಿಂದ ಎಚ್‌ಡಿಎಂಐ ಹೋಗಿದೆ, ಆಲ್ಬಂ ಚಿತ್ರ ನೋಡುವುದಕ್ಕೆ. ಇದನ್ನೂ ಹೇಳಬೇಕಿತ್ತೇ? ಸದ್ದು ಅದರ ಮೂಲಕ ಹೋಗುವುದೇ ಇಲ್ಲವಲ್ಲ.

ನೆಲದತಂತಿ:
ಟಿವಿ ಇರಲಿ, ಬಿಡಲಿ. ಮೊದಲು ಗುಂಡಿಗೆ ನೀರು.

ಬೆಸುಗೆಕಡ್ಡಿ:
ನೀರು ಸಾಕು, ಅಲ್ಲೇ ಬಾವಿಯಾದೀತು. ಅರ್ಥಿಂಗ್ ಚೆನ್ನಾಗಿರಬೇಕು ನಿಜ, ಅದು ಪ್ರಾಣ ಉಳಿಸಲು. ಈ ಗುಂಯ್‌ಗೂ ನೆಲದ ತೇವಕ್ಕೂ ಸಂಬಂಧವಿಲ್ಲ.

ಟಿವಿಗೆ ಛಾವಣಿಯ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್ ಮೂಲಕ ತಂತಿ ಬಂದಿರಬೇಕು. ಡಿಶ್ ಕೂತಿರುವುದು ಕಬ್ಬಿಣದ ಕಂಬದ ಮೇಲೆ, ಕಂಬ ಛಾವಣಿಯ ಸರಳಿಗೋ ಪೈಪಿಗೋ ತಾಗಿರುತ್ತದೆ. ಆ ತಂತಿಯ ಹೊರಕವಚ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿವಿಗೆ, ಎಚ್‌ಡಿಎಂಐ ಕವಚದಿಂದ ಪೈಗೆ, ಯುಎಸ್‌ಬಿಯಿಂದ ಡ್ಯಾಕ್‌ಗೆ, ಸದ್ದು ಒಯ್ಯುವ ಆರ್‌ಸಿಎ ತಂತಿಯ ಕವಚದಿಂದ ಆಂಪ್ಲಿಫೈಯರ್‌ಗೆ, ಅದರ ದಪ್ಪ ಪಿನ್‌ನಿಂದ ಮತ್ತೆ ನೆಲಕ್ಕೆ. ಒಂದು ಸುತ್ತು ಪೂರ್ತಿಯಾಯಿತು. ಎರಡು ಕಡೆಯ ನೆಲಗಳ ನಡುವೆ ಇರುವ ಅಲ್ಪ ವ್ಯತ್ಯಾಸದಿಂದ ಆರ್‌ಸಿಎ ಕವಚದಲ್ಲಿ 50 ಹರ್ಟ್ಜ್ ವಿದ್ಯುತ್ ಹರಿಯುತ್ತದೆ. ಆಂಪ್ಲಿಫೈಯರ್‌ಗೆ ಅದೂ ಸಂಗೀತವೇ. ವಾಲ್ಯೂಮ್ ಜೊತೆ ಏರಿಳಿಯುತ್ತದೆ ಎಂದರೆ ಅದು ಒಳಬರುವ ದಾರಿಯಲ್ಲೇ ಸೇರುತ್ತಿದೆ ಎಂದರ್ಥ.

ಇನ್ನೊಂದು ಪರೀಕ್ಷೆ ಇದೆ. ಆಂಪ್ಲಿಫೈಯರ್ ಆರಿಸಿ ಆರ್‌ಸಿಎ ತಂತಿಗಳನ್ನು ಅದರಿಂದ ಬಿಡಿಸಿ, ಪೈ ಮತ್ತು ಟಿವಿ ಚಾಲೂ ಇರಲಿ. ಬಿಡಿಸಿದ ಪ್ಲಗ್ಗಿನ ಹೊರಗಿನ ಲೋಹದ ಬಳೆಗೆ ಬೆರಳಿನ ಹಿಂಬದಿಯನ್ನು ಮೆಲ್ಲಗೆ ಸವರಿ. ಸಣ್ಣಗೆ ಜುಂ ಎನ್ನಿಸಿದರೆ ಡಿಶ್ ಕಡೆಯ ನೆಲ ಗಟ್ಟಿಯಾಗಿಲ್ಲ, ಎರಡು ಪಿನ್ನಿನ ಅಡಾಪ್ಟರ್‌ಗಳ ಒಳಗಿನ ಕೆಪಾಸಿಟರ್ ಸೋರಿಕೆ ಅಲ್ಲಿಗೆ ಬಂದಿದೆ. ಮೀಟರ್ ಇಟ್ಟರೆ ನೂರು ವೋಲ್ಟ್ ದಾಟಿ ತೋರಿಸುತ್ತದೆ, ಗಾಬರಿ ಬೇಡ, ವಿದ್ಯುತ್ ಪ್ರಮಾಣ ತೀರಾ ಕಡಿಮೆ. ಆದರೂ ಅದು ಕೇಳಿಸುತ್ತದೆ.

ಇದೆಲ್ಲ ಆಮೇಲೆ. ಈಗ ಎಚ್‌ಡಿಎಂಐ ಕಿತ್ತು ನೋಡಿ.

ಹಳದಿ ಮಿಂಚು ಬೇರೆ ವಿಷಯವಲ್ಲ. ಪೈಗೆ ಬರುವ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದಾಗ ಅದು ಬರುತ್ತದೆ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು.

ಜೋಗಿಮಟ್ಟಿ:
ಎಚ್‌ಡಿಎಂಐ ಕಿತ್ತೆ. ಗುಂಯ್ ಹೋಯಿತು. ಕೋಣೆ ಇಷ್ಟು ನಿಶ್ಶಬ್ದ ಎಂದು ಗೊತ್ತೇ ಇರಲಿಲ್ಲ, ಗಡಿಯಾರದ ಸದ್ದು ಕೇಳಿಸುತ್ತಿದೆ. ಆದರೆ ಟಿವಿಯಲ್ಲಿ ಚಿತ್ರ ಬೇಕು. ಡಿಶ್ ತಂತಿಗೆ ಹಾಕುವ ಐಸೊಲೇಟರ್ (ನೆಲದ ಸಂಪರ್ಕ ಕಡಿಯುವ ಸಾಧನ) ಸಿಗುತ್ತದಂತೆ, ತರಿಸಲೇ?

ಬೆಸುಗೆಕಡ್ಡಿ:
ಬೇಡ. ಅದು ಕೇಬಲ್ ಟಿವಿಗೆ ಸರಿ. ಡಿಶ್‌ನ ಬಾಯಲ್ಲಿದ್ದು ಉಪಗ್ರಹದ ಸಂಕೇತ ಹಿಡಿಯುವ ಎಲ್‌ಎನ್‌ಬಿಗೆ ಸೆಟ್‌ಟಾಪ್ ಬಾಕ್ಸ್ ಅದೇ ತಂತಿಯಲ್ಲಿ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಐಸೊಲೇಟರ್ ಅದನ್ನು ತಡೆದರೆ ಟಿವಿಯಲ್ಲಿ ಚಾನೆಲ್ಲೇ ಬರುವುದಿಲ್ಲ. ಪೈ ಮತ್ತು ಡ್ಯಾಕ್ ನಡುವೆ ಯುಎಸ್‌ಬಿ ಐಸೊಲೇಟರ್ ಹಾಕಬಹುದು. ಅಗ್ಗದವುಗಳಲ್ಲಿ ಎಡಿಯುಎಂ4160 ಚಿಪ್ ಇರುತ್ತದೆ, ಅದರ ವೇಗ ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ. ಡ್ಯಾಕ್ ಆ ವೇಗದಲ್ಲೂ ಕೆಲಸ ಮಾಡುವಂತಿದ್ದರೆ 24/96ರವರೆಗೆ ನಡೆಯುತ್ತದೆ, ಇಲ್ಲದಿದ್ದರೆ ಡ್ಯಾಕ್ ಗುರುತೇ ಸಿಗುವುದಿಲ್ಲ. ಹಣ ಖರ್ಚು ಮಾಡದ ದಾರಿ: ಟಿವಿಯಲ್ಲಿ ಬ್ರೌಸರ್ ಇದ್ದರೆ ಮೂಡ್‌ನ ಪುಟವನ್ನು ಅಲ್ಲೇ ತೆರೆಯಿರಿ. ತಂತಿಯೇ ಬೇಡ.

ನೆಲದತಂತಿ:
ಗುಂಡಿಗೆ ನೀರು ಹಾಕಿದ ಮೇಲೆಯೇ ಗುಂಯ್ ಹೋಗಿದ್ದು ಎಂಬುದನ್ನು ಎಲ್ಲರೂ ಮರೆಯುತ್ತಿದ್ದಾರೆ.

ಜೋಗಿಮಟ್ಟಿ:
ಹೊಸ ಅಡಾಪ್ಟರ್ ಹಾಕಿದೆ, ಮಿಂಚು ಇಲ್ಲ. ಟಿಕ್ ಮಾತ್ರ ಹಾಗೆಯೇ ಇದೆ. ನಿನ್ನೆ ಸಂಜೆ ಸಿಡಿ ಹಾಕಿದರೂ ಬಂತು.

ಚಾನೆಲ್11:
ಚಾನೆಲ್ ಬದಲಾಯಿಸಿದಿರಾ? ನಾನು ಮೊದಲ ದಿನವೇ ಹೇಳಿದೆ.

ಬೆಸುಗೆಕಡ್ಡಿ:
ಸಿಡಿಯಲ್ಲೂ ಬರುತ್ತದೆ ಎಂದರೆ ಸ್ಟ್ರೀಮಿಂಗ್ ನಿರಪರಾಧಿ. ವೈಫೈ ಕಡಿದುಬಿದ್ದರೆ ಸಾಮಾನ್ಯವಾಗಿ ಹಾಡು ನಿಲ್ಲುತ್ತದೆ, ಮೌನವಾಗುತ್ತದೆ. ಮೌನ ಬೇರೆ, ಟಿಕ್ ಬೇರೆ. ಇದು ಎಲ್ಲೋ ಸ್ವಿಚ್ಚಿನ ಕಿಡಿ. ಅಜ್ಜನ ಕಾಲದ ಮೀಡಿಯಂ ವೇವ್ ರೇಡಿಯೋ ಇದ್ದರೆ ತೆಗೆಯಿರಿ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಜ್‌ನಿಂದ ಮುಳ್ಳನ್ನು ಸ್ವಲ್ಪ ಸರಿಸಿ, ನಿಲ್ದಾಣವಿಲ್ಲದ ಜಾಗದಲ್ಲಿ ನಿಲ್ಲಿಸಿ, ಸೆಲ್ ಹಾಕಿ ಮನೆಯಲ್ಲೆಲ್ಲ ಓಡಾಡಿ. ಟಿಕ್ ಬಂದ ಕ್ಷಣ ರೇಡಿಯೋದಲ್ಲೂ ಚಟ್ ಎನ್ನುತ್ತದೆ. ಎಲ್ಲಿ ಜೋರಾಗಿದೆಯೋ ಆ ಕಡೆ ಕಳ್ಳ ಇದ್ದಾನೆ.

ಜೋಗಿಮಟ್ಟಿ:
ಇನ್ವರ್ಟರ್ ಬಳಿ ಝೇಂಕಾರ ಸದಾ ಇದೆ, ಆದರೆ ಟಿಕ್ ಅಲ್ಲಿಯದಲ್ಲ. ಪಕ್ಕದ ಮನೆಯ ಕಾಂಪೌಂಡ್ ಗೋಡೆಯ ಬಳಿ ಚಟ್ ಎಂದು ಜೋರಾಗಿ ಬರುತ್ತದೆ, ಮರುಕ್ಷಣ ಅವರ ಬೋರ್‌ವೆಲ್ ಮೋಟರ್ ಹೊರಡುತ್ತದೆ. ತೊಟ್ಟಿಯ ನೀರು ಇಳಿದಾಗಲೆಲ್ಲ ತಾನಾಗಿಯೇ ಶುರುವಾಗುವ ವ್ಯವಸ್ಥೆಯಂತೆ. ಸಂಜೆ ನೀರು ಹೆಚ್ಚು ಖರ್ಚು.

ಬೆಸುಗೆಕಡ್ಡಿ:
ಸ್ಟಾರ್ಟರ್‌ನ ಕಾಂಟ್ಯಾಕ್ಟರ್, ಅಂದರೆ ಮೋಟರ್ ಹೊರಡಿಸುವ ವಿದ್ಯುತ್ ಸ್ವಿಚ್. ಅದರ ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್, 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸರಣಿಯಾಗಿ ಹಾಕಿದರೆ ಕಿಡಿ ತಗ್ಗುತ್ತದೆ. ಕೆಪಾಸಿಟರ್ ಎಕ್ಸ್2 ದರ್ಜೆಯದೇ (ಮೇನ್ಸ್ ವೋಲ್ಟೇಜ್ ತಡೆಯುವ ಸುರಕ್ಷತಾ ದರ್ಜೆ) ಆಗಿರಬೇಕು. ಸಿದ್ಧವಾಗಿಯೂ ಸಿಗುತ್ತದೆ, ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ನಿಮ್ಮ ಕಡೆಯಿಂದ ಆಂಪ್ಲಿಫೈಯರ್‌ಗೆ ಮೇನ್ಸ್ ಫಿಲ್ಟರ್ ಹಾಕಬಹುದು, ಅರ್ಧ ಕೆಲಸವಾಗುತ್ತದೆ.

ಜೋಗಿಮಟ್ಟಿ:
ಪಕ್ಕದ ಮನೆಯವರಿಗೂ ನಮಗೂ ಅದೇ ಬೋರ್‌ವೆಲ್ ವಿಷಯದಲ್ಲಿ ಮಾತಿಲ್ಲ. ಫಿಲ್ಟರ್ ಹಾಕಿ ನೋಡುತ್ತೇನೆ.

ಚಾನೆಲ್11:
ಫಿಲ್ಟರ್‌ಗೆ ಮೊದಲು ಒಮ್ಮೆ ಚಾನೆಲ್ 11ಕ್ಕೆ ಹಾಕಿ. ಖರ್ಚೇನಿದೆ?

ಜೋಗಿಮಟ್ಟಿ:
ಪೈಗೆ ಲ್ಯಾನ್ ಕೇಬಲ್ ಇದೆ. ಮೊದಲಿನಿಂದಲೂ ಇದೆ.

ಚಾನೆಲ್11:
ಮತ್ತೆ ಐಫೋನ್‌ಗೂ ಲ್ಯಾನ್ ಕೇಬಲ್ ಹಾಕಿದ್ದೀರಾ?

ಮಂಡಕ್ಕಿ_ಮಿರ್ಚಿ:
ಅದಿರಲಿ, ಯಾರ ಬಳಿಯಾದರೂ ಇಎಲ್84 ಜೋಡಿ ಇದೆಯೇ? ಒಂದರೊಳಗೆ ನೇರಳೆ ಬೆಳಕು ಕುಣಿಯುತ್ತಿದೆ. ಬಿಇಎಲ್ ಆದರೆ ಉತ್ತಮ, ಇಲ್ಲಿಂದ ಚಿತ್ರದುರ್ಗದವರೆಗೆ ಎಲ್ಲಿಗಾದರೂ ನಾನೇ ಬಂದು ಒಯ್ಯುತ್ತೇನೆ.

ಬೆಸುಗೆಕಡ್ಡಿ:
ಎರಡು ಜೊತೆ ಇವೆ. ದಪ್ಪ ಪಿನ್ ಮತ್ತೆ ಹಾಕಿಸಿದ ಫೋಟೊ ಕಳಿಸಿದರೆ ಕೊಡುತ್ತೇನೆ.